ಮಂಗನ ಕಾಯಿಲೆಯ ಲಸಿಕೆ: ನೈತಿಕ ಸಮಿತಿಗೆ ಯಾರನ್ನು ಕರೆಯಬೇಕು?

ಅಡಿಕೆ ಕೊಯ್ಲಿನ ದಿನಗಳು ಬಂದವೆಂದರೆ ಸಿದ್ದಾಪುರದ ಕಡೆಯ ಮನೆಗಳಿಗೆ ಅಂಜಿಕೆಯೂ ಜೊತೆಗೇ ಬರುತ್ತದೆ. ಬೆಟ್ಟದಲ್ಲಿ ಮಂಗ ಸತ್ತು ಬಿದ್ದಿದೆಯೆಂಬ ಸುದ್ದಿ ಕೇಳಿದ ಮರುದಿನ ದರಕು ತರಲು ಹೋಗುವ ಹೆಂಗಸರು ಹಿಂದುಮುಂದು ನೋಡುತ್ತಾರೆ. ಆದರೂ ಹೋಗುತ್ತಾರೆ, ಹೋಗದೆ ನಡೆಯುವುದಿಲ್ಲ. ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಈ ಕಾಯಿಲೆ 2024ರಲ್ಲಿಯೂ ನಮ್ಮ ಸಿದ್ದಾಪುರ ತಾಲ್ಲೂಕಿನಲ್ಲಿ ಜೀವ ತೆಗೆಯಿತು.

ಹಿಂದಿನ ಲಸಿಕೆಯ ಕಥೆ ಎಲ್ಲರಿಗೂ ತಿಳಿದದ್ದೇ. 2005ರಿಂದ 2010ರವರೆಗಿನ ಅಂಕಿಅಂಶಗಳನ್ನು ಪರಿಶೀಲಿಸಿದಾಗ ಎರಡು ಸಲ ಚುಚ್ಚಿಸಿಕೊಂಡವರಲ್ಲಿ ಅದರ ರಕ್ಷಣೆ ಶೇಕಡ 62ರಷ್ಟು ಮಾತ್ರವೆಂದು ಕಂಡುಬಂದಿತು. 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯನ್ನು ಸಿದ್ಧಪಡಿಸುವ ಕಾರ್ಯವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆ ಕೈಗೊಂಡಿವೆ. ಇದು ಸಂತೋಷದ ಸಂಗತಿ. ಆದರೆ ಯಾವ ಲಸಿಕೆಯೂ ಮನುಷ್ಯರ ಮೇಲೆ ಪರೀಕ್ಷೆಯಾಗದೆ ಬಳಕೆಗೆ ಬರುವುದಿಲ್ಲ. ಆ ಪರೀಕ್ಷೆ ಒಂದಲ್ಲ ಒಂದು ಹಂತದಲ್ಲಿ ಕಾಯಿಲೆಯಿರುವ ಊರುಗಳಿಗೇ ಬರಬೇಕಾದೀತು.

ಇಂಥ ಪರೀಕ್ಷೆಗೆ ಮೊದಲು ನೈತಿಕ ಸಮಿತಿಯ ಒಪ್ಪಿಗೆ ಬೇಕು. 2019ರ ಹೊಸ ಔಷಧಗಳ ನಿಯಮಗಳಂತೆ ಸಮಿತಿಯಲ್ಲಿ ಕನಿಷ್ಠ ಏಳು ಮಂದಿ ಇರಬೇಕು. ಅವರಲ್ಲಿ ಅರ್ಧದಷ್ಟು ಜನರೂ ಅಧ್ಯಕ್ಷರೂ ಆ ಸಂಸ್ಥೆಗೆ ಸೇರದವರಾಗಿರಬೇಕು. ಒಬ್ಬ ಮಹಿಳೆ, ಒಬ್ಬ ಕಾನೂನು ತಜ್ಞ, ಒಬ್ಬ ಸಾಮಾನ್ಯ ನಾಗರಿಕ, ಮತ್ತು ಸಮಾಜವಿಜ್ಞಾನಿಯೋ ತತ್ತ್ವಶಾಸ್ತ್ರಜ್ಞನೋ ದೈವಶಾಸ್ತ್ರಜ್ಞನೋ ಆದ ಇನ್ನೊಬ್ಬ ಸದಸ್ಯ ಇರಲೇಬೇಕು. (ದೈವಶಾಸ್ತ್ರಜ್ಞನ ಹೆಸರನ್ನು ಸರ್ಕಾರಿ ನಿಯಮದಲ್ಲಿ ಕಂಡು ನಮಗೆ ಆಶ್ಚರ್ಯವೇ ಆಯಿತೆನ್ನಬೇಕು.) ಇಷ್ಟಲ್ಲದೆ, ಸದಸ್ಯರಲ್ಲದ ಪರಿಣತರನ್ನೂ ಸಮಿತಿ ಚರ್ಚೆಗೆ ಕರೆಯಬಹುದು, ಅವರಿಗೆ ಮತದ ಹಕ್ಕಿಲ್ಲ.

ನಮ್ಮ ಆಕ್ಷೇಪವಿರುವುದು ಆ 'ಬಹುದು' ಎಂಬ ಮಾತಿನ ಬಗ್ಗೆ. ನಗರದ ಸಭಾಂಗಣದಲ್ಲಿ ಕುಳಿತ ಏಳು ಮಂದಿ ಸಜ್ಜನರೇ ಆಗಿದ್ದರೂ ಮಲೆನಾಡಿನ ಬೆಟ್ಟವನ್ನು ಕಂಡಿರಬೇಕೆಂದಿಲ್ಲ. ಒಂದು ಉದಾಹರಣೆ ನೋಡೋಣ. ಲಸಿಕೆಯ ಪರೀಕ್ಷೆಯಲ್ಲಿ ಎಷ್ಟೋ ವೇಳೆ ಅರ್ಧ ಜನರಿಗೆ ನಿಜವಾದ ಲಸಿಕೆ, ಉಳಿದರ್ಧಕ್ಕೆ ಔಷಧವಿಲ್ಲದ ಬರಿಯ ದ್ರವ ಕೊಡುತ್ತಾರೆ. ಯಾರಿಗೆ ಯಾವುದೆಂದು ಯಾರಿಗೂ ತಿಳಿಯದು. ತನಗೆ ಸಿಕ್ಕಿದ್ದು ಲಸಿಕೆಯೇ ಎಂದು ನಂಬಿದ ತಾಯಿ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆಯನ್ನು ಬಿಟ್ಟು ದರಕು ಗುಡಿಸಲು ಹೋದರೆ? ಚುಚ್ಚಿಸಿಕೊಂಡ ತೋಳಿನ ನೋವಿನಿಂದ ಕೊಯ್ಲಿನ ಕಾಲದ ಎರಡು ದಿನದ ಕೂಲಿ ತಪ್ಪಿದರೆ ಅದನ್ನು ತುಂಬಿಕೊಡುವವರು ಯಾರು? ಇಂಥ ಪ್ರಶ್ನೆಗಳು ಹೊಳೆಯುವುದು ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆಶಾ ಕಾರ್ಯಕರ್ತೆಗೆ, ವರ್ಷಗಟ್ಟಲೆ ಉಣುಗು ಹಿಡಿದು ಪರೀಕ್ಷಿಸಿದ ಕೀಟತಜ್ಞರಿಗೆ. ಆದುದರಿಂದ, ಪರೀಕ್ಷೆಗೆ ಒಳಗಾಗುವವರು ಸಮಿತಿಯಿಂದ ದೂರದವರಾಗಿದ್ದಾಗ ಹೊರಗಿನ ಪರಿಣತರನ್ನು ಕರೆಯುವುದು ಸಮಿತಿಯ ಇಷ್ಟಕ್ಕೆ ಬಿಟ್ಟ ವಿಷಯವಾಗಬಾರದು, ಕರ್ತವ್ಯವಾಗಬೇಕು.

ಮತದ ಹಕ್ಕಿಲ್ಲದ ಮೇಲೆ ಪರಿಣತರ ಮಾತಿಗೆ ಬೆಲೆಯೇನು ಎಂದು ಕೆಲವರು ಕೇಳಬಹುದು. ನಾವು ಆ ನಿಯಮವನ್ನು ಒಪ್ಪುತ್ತೇವೆ. ಅರಿಸ್ಟಾಟಲನು ತನ್ನ ರಾಜನೀತಿ ಗ್ರಂಥದಲ್ಲಿ ಹೇಳುವ ಹಾಗೆ, ಮನೆಯ ಗುಣವನ್ನು ಕಟ್ಟಿದವನಿಗಿಂತ ಅದರಲ್ಲಿ ವಾಸಿಸುವವನು ಚೆನ್ನಾಗಿ ಬಲ್ಲ. ಪರಿಣತನು ಅಪಾಯ ಎಷ್ಟೆಂದು ಹೇಳಬಲ್ಲನು; ಆ ಅಪಾಯವನ್ನು ಮತ್ತೊಬ್ಬನ ಮೇಲೆ ಹೊರಿಸುವುದು ನ್ಯಾಯವೇ ಎಂಬುದು ಮನಸ್ಸಾಕ್ಷಿಯ ತೀರ್ಮಾನ, ಅದಕ್ಕೆ ಪದವಿಪತ್ರ ಸಾಲದು. ವಿಜ್ಞಾನಕ್ಕೆ ತನ್ನದೇ ಆದ ನ್ಯಾಯವಾದ ಸ್ವಾಯತ್ತತೆಯಿದೆಯೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಒಪ್ಪಿಕೊಂಡಿತು. ಆದರೆ ನೈತಿಕತೆಯಿಂದಲೂ ಅದು ಸ್ವತಂತ್ರವೆಂದು ಹೇಳಲಿಲ್ಲ. ಸಮಿತಿಯ ಸಾಮಾನ್ಯ ಸದಸ್ಯನು ದೊಡ್ಡ ಹೆಸರಿನ ತಜ್ಞರೆದುರು ಬಾಯಿ ಮುಚ್ಚಿ ಕುಳಿತರೆ ಅವನಿದ್ದೂ ಇಲ್ಲದಂತೆಯೇ.

ಹೊರಗಿನವರನ್ನು ಕರೆಸಿ ಕೇಳುವುದು ಈ ಸೀಮೆಗೆ ಹೊಸದೇನಲ್ಲ. ಬೇಡ್ತಿ ಜಲವಿದ್ಯುತ್ ಯೋಜನೆಯ ಕಾಲದಲ್ಲಿ, 1981ರಲ್ಲಿ, ಶಿರಸಿಯ ತೋಟಗಾರರ ಸಹಕಾರಿ ಸಂಘ ವಿಜ್ಞಾನಿಗಳನ್ನು ಆಹ್ವಾನಿಸಿ ವಿಚಾರಸಂಕಿರಣ ನಡೆಸಿತು. ಲೆಕ್ಕಗಳನ್ನು ಪರಿಶೀಲಿಸಿದವರು ತಜ್ಞರು, ತೋಟ ಮುಳುಗಿದರೆ ಹೋಗುವುದೇನೆಂದು ಹೇಳಿದವರು ರೈತರು. ಆ ಯೋಜನೆ ಅಂದು ಕೈಬಿಡಲ್ಪಟ್ಟಿತು.

ಯಲ್ಲಾಪುರದ ನಮ್ಮ ಸಿದ್ದಿ ಕುಟುಂಬಗಳಿಗೆ ಸಂಬಂಧಿಸಿದ ಇನ್ನೊಂದು ಮಾತಿದೆ. ಭಾರತದ ಸಿದ್ದಿಗಳ ವಂಶವಾಹಿಗಳ ಬಗ್ಗೆ ಹೈದರಾಬಾದಿನ ಸಿ.ಸಿ.ಎಂ.ಬಿ. ವಿಜ್ಞಾನಿಗಳ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅದರಲ್ಲಿ ತಪ್ಪಿತ್ತೆಂದು ನಾವು ಹೇಳುತ್ತಿಲ್ಲ. ಆದರೆ ರಕ್ತ ಕೊಡುವವನು ಒಬ್ಬನಾದರೂ ಫಲಿತಾಂಶ ಹೇಳುವುದು ಇಡೀ ಸಮುದಾಯದ ವಿಷಯವನ್ನು. ಅಂಥ ಸಂಶೋಧನೆಯ ಅರ್ಜಿ ಮುಂದೆ ಬಂದಾಗ ಸಮಿತಿಗೆ ಬೇಕಾದ 'ಹೊರಗಿನ ಪರಿಣತ' ಒಬ್ಬ ಸಿದ್ದಿ ಹಿರಿಯನೇ ಏಕಾಗಬಾರದು?

ನಮ್ಮ ಕುಟುಂಬಗಳ ಯುವಕ ಯುವತಿಯರು ಎಷ್ಟೋ ಮಂದಿ ನರ್ಸಿಂಗ್ ಕಲಿತು ದೊಡ್ಡ ಆಸ್ಪತ್ರೆಗಳಲ್ಲಿದ್ದಾರೆ. ಸಮಿತಿಗೆ ಸಾಮಾನ್ಯ ಸದಸ್ಯರು ಬೇಕೆಂದು ಅಲ್ಲಿಂದ ಕರೆ ಬಂದರೆ 'ನಮಗೇನು ತಿಳಿಯುತ್ತದೆ' ಎಂದು ಹಿಂಜರಿಯದಿರಿ. ನಾಳೆ ಲಸಿಕೆಯ ಒಪ್ಪಿಗೆಪತ್ರ ನಿಮ್ಮ ಜಗಲಿಗೇ ಬಂದರೆ, ಸಹಿ ಹಾಕುವ ಮುನ್ನ ಒಂದು ಮಾತು ಕೇಳಿ: ಇದಕ್ಕೆ ಒಪ್ಪಿಗೆ ಕೊಟ್ಟ ಸಮಿತಿ ಈ ಬೆಟ್ಟವನ್ನು ಬಲ್ಲ ಯಾರನ್ನು ಕರೆದು ವಿಚಾರಿಸಿತ್ತು?