ಬಾಗಿಲ ಮೇಲೆ 'ನಾಳೆ ಬಾ' ಬರೆದ ಗೇಮ್ ಕಂಪನಿಗಳು



ವಿಡಿಯೋ ಗೇಮಿನ ವಿಷಯ ಗೋಡೆ ಪತ್ರಿಕೆಗೆ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಇದರಲ್ಲಿ ಕೊಟ್ಟ ಮಾತಿನ ಪ್ರಶ್ನೆ ಇದೆ, ಆದ್ದರಿಂದ ದಯವಿಟ್ಟು ಪೂರ್ತಿ ಓದಿ.

1990ರ ದಶಕದಲ್ಲಿ ಬೆಂಗಳೂರಿನಲ್ಲೂ ಹಳ್ಳಿಗಳಲ್ಲೂ ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ ಅಂತ ಗುಲ್ಲೆದ್ದು, ಜನ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರು. ದೆವ್ವ ಅದನ್ನು ಓದಿಕೊಂಡು ವಾಪಸ್ ಹೋಗುತ್ತಿತ್ತಂತೆ. ಮರುದಿನ ಬಂದರೆ ಮತ್ತದೇ ಬರಹ. (ಓದು ಬಲ್ಲ ದೆವ್ವ, ಪಾಪ!) ಈಗ ಗೇಮ್ ಕಂಪನಿಗಳೂ ಹಾಗೇ ಬರೆದುಕೊಂಡಿವೆ. ದೆವ್ವದ ಜಾಗದಲ್ಲಿ ನಿಂತಿರೋರು ಅಭಿಮಾನಿಗಳು.

ದೂರದ್ದು ಯಾಕೆ, ಬೆಂಗಳೂರಿನದೇ ನೋಡಿ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಆಟವನ್ನು ನಿಷೇಧಿಸಿತು. ಎರಡೇ ದಿನಕ್ಕೆ ನಟ ಅಕ್ಷಯ್ ಕುಮಾರ್ 'ಫೌ-ಜಿ' ಎಂಬ ಹೊಸ ಆಟವನ್ನು ಪ್ರಕಟಿಸಿದರು. ತಯಾರಕರು ಬೆಂಗಳೂರಿನ ಎನ್‌ಕೋರ್ ಗೇಮ್ಸ್. ನಿವ್ವಳ ಆದಾಯದಲ್ಲಿ ಶೇ. 20 ಭಾಗ ಯೋಧರ ಕುಟುಂಬಗಳ ನಿಧಿಗೆ ಎಂದರು, ಒಳ್ಳೆಯದೇ. ಅಕ್ಟೋಬರ್‌ಗೆ ಬರುತ್ತೆ ಅಂತ ಮಾತಾಯಿತು. ದಸರೆ ಹೊತ್ತಿಗೆ, ಅಕ್ಟೋಬರ್ 25ರಂದು, ಬಂದದ್ದು ಬರೀ ಟೀಸರ್. ಆಟ ನವೆಂಬರ್‌ಗೆ ಅಂದರು. ನವೆಂಬರ್ 30ಕ್ಕೆ ಹೆಸರು ನೋಂದಾಯಿಸಿಕೊಳ್ಳಲು ಬಿಟ್ಟರು. ಒಂದೇ ದಿನದಲ್ಲಿ ಹತ್ತು ಲಕ್ಷ ಜನ ನೋಂದಾಯಿಸಿದರು, ಅಷ್ಟು ಆಸೆ ಜನಕ್ಕೆ! ಕೊನೆಗೆ ಆಟ ಬಂದದ್ದು 2021ರ ಜನವರಿ 26ರಂದು. ಪಬ್‌ಜಿಯ ಹಾಗೆ ಗೆಳೆಯರೆಲ್ಲ ಸೇರಿ ಆಡಬಹುದು ಅಂತ ಕಾದಿದ್ದವರಿಗೆ ಸಿಕ್ಕಿದ್ದು ಒಬ್ಬರೇ ಆಡುವ ಹೊಡೆದಾಟ. ಕೆಲವೇ ದಿನಗಳಲ್ಲಿ ಪ್ಲೇ ಸ್ಟೋರ್‌ನಲ್ಲಿ ಅದರ ರೇಟಿಂಗ್ ಇಳಿದುಹೋಯಿತು.

ತಡವಾಗಿದ್ದಕ್ಕೇ ಜನ ಸಿಟ್ಟಾದರು ಅಂತ ನನಗೆ ಅನ್ನಿಸಲ್ಲ. ನಮ್ಮ ಜನಕ್ಕೆ ಕಾಯೋದು ಗೊತ್ತು. ರಜೆಯಲ್ಲಿ ಬೆಂಗಳೂರಿಗೆ ಮಾವನ ಮನೆಗೆ ಹೋದಾಗ ಗಾಂಧಿ ಬಜಾರಿನಲ್ಲಿ ನೋಡಿದ್ದೇನೆ. ವಿದ್ಯಾರ್ಥಿ ಭವನದ ಮುಂದೆ ಭಾನುವಾರ ಬೆಳಿಗ್ಗೆ ಒಂದು ಮಸಾಲೆ ದೋಸೆಗಾಗಿ ಜನ ಫುಟ್‌ಪಾತ್ ಮೇಲೆ ಕಾಯ್ತಾ ನಿಂತಿರ್ತಾರೆ. 1943ರಿಂದ ಇರುವ ಹೋಟೆಲು. ಯಾರೂ ಬೈಕೊಳ್ಳಲ್ಲ. ಶುಕ್ರವಾರ ರಜೆ ಅಂದರೆ ರಜೆ, 'ಶುಕ್ರವಾರ ಬನ್ನಿ, ಕೊಡ್ತೀವಿ' ಅಂತ ಆಸೆ ತೋರಿಸೋದಿಲ್ಲ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಬಸವನಗುಡಿ. ಅಲ್ಲಿ ಕಡಲೆಕಾಯಿ ಪರಿಷೆ ಕಾರ್ತಿಕ ಮಾಸದ ಕಡೇ ಸೋಮವಾರ. ಪಂಚಾಂಗ ನೋಡಿದರೆ ಸಾಕು, ರೈತರು ಮೂಟೆ ಕಟ್ಟಿ ಗಾಡಿ ಬಾಡಿಗೆ ಕೊಟ್ಟು ಹೊರಡ್ತಾರೆ. ಹೊರಟ ಮೇಲೆ 'ಪರಿಷೆ ಮೂರು ವಾರ ಮುಂದಕ್ಕೆ' ಅಂದರೆ ಆ ಬಾಡಿಗೆ ಯಾರ ತಲೆ ಮೇಲೆ? ಮುಂದಿನ ವರ್ಷ ಅವರು ಬರ್ತಾರಾ?

'ಅರೆಬೆಂದದ್ದು ಬಡಿಸೋದಕ್ಕಿಂತ ತಡ ಮಾಡೋದೇ ವಾಸಿ' ಅಂತ ನನ್ನ ಬೆಂಚಿನ ಗೆಳೆಯ ವಾದ ಮಾಡ್ತಾನೆ. ಸರಿ, ಒಪ್ಪಿದೆ. ತಡವನ್ನೂ ಮಾಡಿ ಅರೆಬೆಂದದ್ದನ್ನೇ ಬಡಿಸಿದರೆ? ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪನಿ 'ಸೈಬರ್‌ಪಂಕ್ 2077' ಆಟಕ್ಕೆ ಮೊದಲು 2020ರ ಏಪ್ರಿಲ್ 16 ಅಂದಿತು, ಆಮೇಲೆ ಸೆಪ್ಟೆಂಬರ್ 17, ಆಮೇಲೆ ನವೆಂಬರ್ 19. ಬಿಟ್ಟದ್ದು ಡಿಸೆಂಬರ್ 10ಕ್ಕೆ. ಪ್ಲೇಸ್ಟೇಷನ್ 4ರಲ್ಲಿ ಅದು ಎಷ್ಟು ಕೆಟ್ಟದಾಗಿ ಓಡಿತೆಂದರೆ, ಒಂದೇ ವಾರದಲ್ಲಿ ಸೋನಿ ಕಂಪನಿ ತನ್ನ ಆನ್‌ಲೈನ್ ಅಂಗಡಿಯಿಂದ ಅದನ್ನು ತೆಗೆದುಹಾಕಿ ಕೊಂಡವರಿಗೆ ದುಡ್ಡು ವಾಪಸ್ ಕೊಡಬೇಕಾಯಿತು. ಇದಕ್ಕೆ ಕೋಡ್ ಬರೆಯುವವರನ್ನು ಬೈಯಬೇಡಿ. ಅವರನ್ನು ವಾರಕ್ಕೆ ಆರು ದಿನ ದುಡಿಸಿದ್ದರು. ದಿನಾಂಕ ಗೊತ್ತು ಮಾಡೋರು ಬೇರೆ. ಅವರ ಕಣ್ಣು ಹಬ್ಬದ ವ್ಯಾಪಾರದ ಮೇಲೆ, ಷೇರು ಬೆಲೆಯ ಮೇಲೆ, ಮುಂಗಡ ಬುಕ್ಕಿಂಗ್ ಮೇಲೆ.

ಬೇರೆ ಥರ ನಡೆದುಕೊಂಡವರೂ ಇದ್ದಾರೆ. ಆಸ್ಟ್ರೇಲಿಯಾದ ಟೀಮ್ ಚೆರ್ರಿ ಅಂತ ಪುಟ್ಟ ತಂಡ. 'ಸಿಲ್ಕ್‌ಸಾಂಗ್' ಆಟವನ್ನು 2019ರಲ್ಲಿ ಪ್ರಕಟಿಸಿ, ಒಮ್ಮೆ 2023 ಅಂತ ಹೇಳಿ ತಪ್ಪಿದರು. ಆಮೇಲೆ ಬಾಯಿಗೆ ಬೀಗ. ಆಟ ಪೂರ್ತಿ ಸಿದ್ಧವಾದ ಮೇಲೆ, ಎರಡು ವಾರ ಮುಂಚೆ ದಿನ ಹೇಳಿ, ಅದೇ ದಿನ, 2025ರ ಸೆಪ್ಟೆಂಬರ್ 4ರಂದು ಬಿಟ್ಟರು. ಕೊಳ್ಳೋಕೆ ಜನ ಮುಗಿಬಿದ್ದು ಆನ್‌ಲೈನ್ ಅಂಗಡಿಗಳೇ ಸ್ವಲ್ಪ ಹೊತ್ತು ಕೆಟ್ಟು ನಿಂತವು.

ನಮ್ಮಂಥವರಿಗೆ ಆಟಕ್ಕೆ ಕಾಯೋದೂ ಬಿಟ್ಟಿ ಅಲ್ಲ. ಫೋನು ಅಪ್ಪಂದು, ಡೇಟಾ ಅಣ್ಣಂದು, ಜಾಗ ಮಾಡೋಕೆ ಅಮ್ಮನ ಹತ್ತಿರ ಗೋಗರೆದು ಮದುವೆ ವಿಡಿಯೋ ಅಳಿಸಬೇಕು. ಸುಳ್ಳು ದಿನಾಂಕಕ್ಕೆ ಇಷ್ಟೆಲ್ಲ ಯಾಕೆ? ಜಿಟಿಎ 6 ದೊಡ್ಡವರ ಆಟ, ನಮಗಲ್ಲ (ಮೇಷ್ಟ್ರೇ, ಗೊತ್ತಿದೆ). ಅದನ್ನೂ 2025 ಅಂದು, 2026ರ ಮೇ 26 ಅಂದು, ಮತ್ತೆ 2026ರ ನವೆಂಬರ್ 19 ಅಂದರು.

ಅದಕ್ಕೇ ನನ್ನದೊಂದು ಸಲಹೆ. ಈ ಪತ್ರಿಕೆಯ ಪಕ್ಕ ಒಂದು ಹಾಳೆ ಅಂಟಿಸಿದ್ದೇನೆ. ಎರಡು ಕಾಲಂ: ಹೇಳಿದ ದಿನ, ಬಂದ ದಿನ. ಯಾರು ಬೇಕಾದರೂ ಬರೆಯಬಹುದು, ಸೀಮೆಸುಣ್ಣ ಬೇಡ, ಪೆನ್ನಲ್ಲೇ ಬರೆಯಿರಿ. ಮೊದಲ ಸಾಲು ತುಂಬಿಸಿದ್ದೇನೆ: ಫೌ-ಜಿ. ಹೇಳಿದ್ದು 2020 ಅಕ್ಟೋಬರ್, ಬಂದದ್ದು 2021 ಜನವರಿ 26.