ಒಂದು ಅಡಿ ಮಣ್ಣಿನ ಲೆಕ್ಕ



ಈ ತಿಂಗಳು ಬೆಲೆಯ ಮಾತಿಗೆ ಮುಂಚೆ ಮಣ್ಣಿನ ಮಾತಾಡೋಣ. ನಮ್ಮ ಸಾಲದ ಒಂದು ಬೇರು ಮಾರುಕಟ್ಟೆಯಲ್ಲಿದೆ. ಅದನ್ನು ಪ್ರತಿ ಸಭೆಯಲ್ಲೂ ಹೇಳುತ್ತೇವೆ. ಇನ್ನೊಂದು ಬೇರು ಉಳಬಾರದ ನೆಲವನ್ನು ಉತ್ತದ್ದರಲ್ಲಿದೆ. ಇದನ್ನು ಅಧಿಕಾರಿ ಹೇಳಿದರೆ ನಮಗೆ ಸಿಟ್ಟು ಬರುತ್ತೆ. ಅದಕ್ಕೇ ನಮಗೆ ನಾವೇ ಹೇಳಿಕೊಳ್ಳಬೇಕು.

ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು, ಅತ್ತ ಪಾವಗಡ, ಸಿರಾ ಕಡೆಯ ಕಾವಲು, ಗೋಮಾಳ, ಮರಡಿಗಳನ್ನು ನೀವೆಲ್ಲ ನೋಡಿದ್ದೀರಿ. ಹೆಚ್ಚಿನದು ಕೆಂಪು ಗರಸು ಮಣ್ಣು. ಒಂದು ಹಿಡಿ ತಗೊಂಡು ನೀರು ಹಾಕಿ ಉಂಡೆ ಕಟ್ಟಿ ನೋಡಿ. ಎರೆಮಣ್ಣು ಮುದ್ದೆಯ ಹಾಗೆ ನಿಲ್ಲುತ್ತೆ, ಇದು ಬಿರಿದು ಉದುರುತ್ತೆ. ಕಣಶಿಲೆ ಸಾವಿರಾರು ವರ್ಷ ಬಿಸಿಲು ಮಳೆಗೆ ಕರಗಿ ಆದ ಮಣ್ಣು ಇದು. ಅದರೊಳಗಿನ ಕಬ್ಬಿಣದ ಅಂಶವೇ ಆ ಕೆಂಪು ಬಣ್ಣಕ್ಕೆ ಕಾರಣ. ಸಾರಜನಕ, ರಂಜಕ, ಸಾವಯವ ಅಂಶ ಎಲ್ಲವೂ ಕಡಿಮೆ. ಜೋರು ಮಳೆ ಬಿದ್ದರೆ ಬರಿ ನೆಲದ ಮೇಲ್ಪದರ ಹೆಪ್ಪುಗಟ್ಟಿ ನೀರು ಒಳಗಿಳಿಯದೆ ಹರಿದುಹೋಗುತ್ತೆ. ಗುದ್ದಲಿ ಹಾಕಿದರೆ ಎಷ್ಟೋ ಕಡೆ ಒಂದು ಅಡಿಗೇ ಕಲ್ಲು ಟಣ್ ಅನ್ನುತ್ತೆ.

ಈಗ ಲೆಕ್ಕ ಹಾಕಿ. ಒಂದು ಅಡಿ ಆಳದ ಇಂಥ ಮಣ್ಣು ತುಂಬ ನೆನೆದರೂ ಗಿಡಕ್ಕೆ ಕೊಡಬಲ್ಲ ನೀರು ಸುಮಾರು 30 ಮಿಲಿಮೀಟರ್. ಗರಸು ಹೆಚ್ಚಿದ್ದರೆ ಇನ್ನೂ ಕಡಿಮೆ. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿನ ಶೇಂಗಾ ದಿನಕ್ಕೆ 4ರಿಂದ 5 ಮಿಲಿಮೀಟರ್ ನೀರು ಕುಡಿಯುತ್ತೆ. ಅಂದರೆ ಒಂದು ವಾರ! ಎಂಟನೇ ದಿನಕ್ಕೆ ಮಳೆ ಬರದಿದ್ದರೆ ಗಿಡ ಬಾಡುತ್ತೆ. ಮೂರಡಿ ಆಳದ ಎರೆ ಆದರೆ ತಿಂಗಳಿಗೂ ಮಿಕ್ಕಿ ತಡೆದುಕೊಳ್ಳುತ್ತೆ. ನಮ್ಮ ಮಧ್ಯ ಒಣ ವಲಯದ ವರ್ಷದ ಮಳೆಯೇ 450ರಿಂದ 720 ಮಿಲಿಮೀಟರ್. ವಾರಕ್ಕೊಮ್ಮೆ ಹದವಾಗಿ ಸುರಿಯುತ್ತೇನೆಂದು ಮಳೆರಾಯ ಯಾರಿಗೂ ಪತ್ರ ಬರೆದುಕೊಟ್ಟಿಲ್ಲ.

ಆದರೆ ಸಾಲ ಕೊಡುವವರು ಈ ಲೆಕ್ಕ ಹಾಕುತ್ತಾರೆಯೇ? ಬೆಳೆಸಾಲ ನಿಗದಿಯಾಗೋದು ಬೆಳೆಯ ಹೆಸರಿನ ಮೇಲೆ, ಎಕರೆಗೆ ಇಷ್ಟು ಅಂತ. ಆರಡಿ ಮಣ್ಣಿನವನಿಗೂ ಅರ್ಧ ಅಡಿ ಮಣ್ಣಿನವನಿಗೂ ಅದೇ ಸಾಲ, ಅದೇ ಕಂತು. ಪಹಣಿಯಲ್ಲಿ ಮಣ್ಣಿನ ನಮೂನೆ ಬರೆಯುತ್ತಾರೆ, ಆಳ ಬರೆಯೋಲ್ಲ.

ನಾನೂ ಇದರಲ್ಲಿ ಬಿದ್ದವನೇ. ಮರಡಿ ಮಗ್ಗುಲಿನ ನಾಲ್ಕು ಎಕರೆಯನ್ನು ನಮ್ಮಪ್ಪ ಹುಲ್ಲಿಗೆ ಬಿಟ್ಟಿದ್ದರು. ಸೋಮಾರಿತನ ಅಂದುಕೊಂಡು ನಾನು ಸಾಲ ತಂದು ಟ್ರ್ಯಾಕ್ಟರ್ ಹೊಡೆಸಿ ಶೇಂಗಾ ಹಾಕಿದೆ. ಎರಡು ವರ್ಷ ಚೆನ್ನಾಗಿ ಬಂತು. ಹುಲ್ಲಿನ ಬೇರು ಕೂಡಿಟ್ಟಿದ್ದ ಸತ್ವ ಅದು, ನನ್ನ ಜಾಣತನವಲ್ಲ. ಮೂರನೇ ವರ್ಷದಿಂದ ಬೀಜ ಹಾಕಿದಷ್ಟೂ ಬರಲಿಲ್ಲ. ಸಾಲದ ಕಂತಿಗೆ ಕುರಿ ಮಾರಿದೆ. ಆ ಕುರಿಗೆ ಮೇವಾಗಿದ್ದ ಹುಲ್ಲನ್ನು ಕಿತ್ತೇ ಶೇಂಗಾ ಹಾಕಿದ್ದೆ ಅನ್ನೋದು ಆಮೇಲೆ ಹೊಳೆಯಿತು.

ಮಣ್ಣು ಹೋದ ಲೆಕ್ಕ ಬೇರೆ. ಒಂದು ಎಕರೆಯಲ್ಲಿ ಒಂದೇ ಮಿಲಿಮೀಟರ್ ಮಣ್ಣು ಕೊಚ್ಚಿಹೋದರೆ ಸುಮಾರು ಆರು ಟನ್, ಎರಡು ಟ್ರೇಲರ್ ಲೋಡು! ಕಣ್ಣಿಗೆ ಕಾಣೋದೇ ಇಲ್ಲ. ಅದು ಊರ ಕೆರೆಯಲ್ಲಿ ಹೂಳಾಗಿ ಕೂರುತ್ತೆ.

ಹಾಗಾದರೆ ಈ ನೆಲ ಯಾವುದಕ್ಕೂ ಬಾರದೇ? ಹಿರಿಯರು ಹಾಗೆಂದುಕೊಂಡಿರಲಿಲ್ಲ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಆ ದನಗಳಿಗೆ ಬೇಸಿಗೆ, ಮಳೆಗಾಲ, ಚಳಿಗಾಲಕ್ಕೆ ಬೇರೆ ಬೇರೆ ಕಾವಲು ಇಟ್ಟಿದ್ದರು. ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲು ಚಿಗುರಲಿ ಅಂತ. ಒಂದು ಒಳ್ಳೆ ಮಳೆಗೆ ಎಚ್ಚೆತ್ತು, ಬರದಲ್ಲಿ ಸತ್ತಂತೆ ಮಲಗಿ, ಮತ್ತೆ ಚಿಗುರುವ ಬೆಳೆ ಹುಲ್ಲೊಂದೇ. ಅದಕ್ಕೆ ಬೀಜದ ಸಾಲ ಬೇಡ, ಗೊಬ್ಬರದ ಸಾಲ ಬೇಡ. ಅದರ ಬೇರು ಮಣ್ಣನ್ನು ಹಿಡಿಯುತ್ತೆ, ಮಳೆನೀರನ್ನು ಒಳಗಿಳಿಸುತ್ತೆ. ಅದರಿಂದಲೇ ಕುರಿ, ಅದರಿಂದಲೇ ಚಳ್ಳಕೆರೆಯ ಕಂಬಳಿ, ಅದರಿಂದಲೇ ನಮ್ಮ ಹೊಲಕ್ಕೆ ಗೊಬ್ಬರ.

ಸರ್ಕಾರದ ಕಡತದಲ್ಲಿ ಮಾತ್ರ ಇದಕ್ಕೆ ಖರಾಬು, ಬಂಜರು ಎಂಬ ಹೆಸರು. ಹೆಸರು ಕೆಡಿಸಿದರೆ ಕೊಡುವುದು ಸುಲಭ. 1966ರ ಭೂಕಂದಾಯ ನಿಯಮಗಳು ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಮೂವತ್ತು ಎಕರೆ ಗೋಮಾಳ ಅಂದವು. ನಿಮ್ಮೂರಲ್ಲಿ ಎಷ್ಟು ಉಳಿದಿದೆ, ಎಣಿಸಿ ನೋಡಿ. ಚಳ್ಳಕೆರೆಯ ಉಳ್ಳಾರ್ತಿ, ಖುದಾಪುರ ಕಡೆಯ ಕಾವಲುಗಳಲ್ಲಿ ಸುಮಾರು 10,000 ಎಕರೆ ರಕ್ಷಣೆ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಊರ ಸಾಮೂಹಿಕ ಭೂಮಿಯ ಒತ್ತುವರಿ ತೆರವು ಮಾಡಿ ಎಂದು 2011ರಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಹೇಳಿತು. ಸರ್ಕಾರವನ್ನು ಕೇಳುವ ನಾವು, ಗೋಮಾಳಕ್ಕೆ ನೇಗಿಲು ಹೂಡಿದವರಲ್ಲಿ ನಮ್ಮವರೂ ಇದ್ದಾರೆ ಅನ್ನೋದನ್ನು ಮರೆಯಬಾರದು.

ಇದರ ಅರ್ಥ ಬೆಲೆಯ ಹೋರಾಟ ಬೇಡ ಅಂತಲ್ಲ. ಎಣ್ಣೆ ಗಿರಣಿಗಳಿಂದಲೇ ಹೆಸರಾದ ಊರು ಚಳ್ಳಕೆರೆ. 1994ರಲ್ಲಿ ಪಾಮ್ ಎಣ್ಣೆ ಆಮದಿಗೆ ಬಾಗಿಲು ತೆಗೆದ ಮೇಲೆ ಶೇಂಗಾ ಬೆಳೆದವರು ಅಗ್ಗದ ಹೊರಗಿನ ಎಣ್ಣೆಯ ಎದುರು ನಿಲ್ಲಬೇಕಾಯಿತು. ಮೇಲಿಂದ ಬೆಲೆ, ಕೆಳಗಿಂದ ತೆಳು ಮಣ್ಣು, ನಡುವೆ ರೈತ.

ಆದ್ದರಿಂದ ನಮ್ಮ ಒತ್ತಾಯ ಇದು. ಗೋಮಾಳ, ಕಾವಲನ್ನು ಬಂಜರು ಎಂದು ಹಂಚುವುದು ನಿಲ್ಲಲಿ. ಮಣ್ಣಿನ ಆಳ ನೋಡಿ ಸಾಲ ಮತ್ತು ಕಂತು ಗೊತ್ತುಮಾಡಲಿ. ಹುಲ್ಲಿಗೆ ಬಿಟ್ಟ ನೆಲಕ್ಕೆ, ಕುರಿಗೆ, ಬದುವಿಗೆ ಬೆಳೆಗೆ ಕೊಟ್ಟಷ್ಟೇ ಸಲೀಸಾಗಿ ಸಾಲ ಸಿಗಲಿ.

ನಮ್ಮ ಕೈಯಲ್ಲಿರೋದು ಇಷ್ಟು. ಈ ಸಲ ಸಾಲದ ಕಾಗದಕ್ಕೆ ರುಜು ಹಾಕುವ ಮುಂಚೆ ಗುದ್ದಲಿ ಹಿಡಿದು ಹೊಲದ ನಾಲ್ಕು ಕಡೆ ಗುಣಿ ತೋಡಿ. ಅಡಿಗೇ ಕಲ್ಲು ಸಿಕ್ಕಿದರೆ ಆ ತುಂಡನ್ನು ಹುಲ್ಲಿಗೆ ಬಿಡಿ, ಸ್ಟೈಲೋ ಹಮಾಟ ಮೇವಿನ ಬೀಜ ಚೆಲ್ಲಿ, ಬದುವಿಗೆ ಬನ್ನಿ, ಹೊಂಗೆ ಹಾಕಿ. ಅತಿಯಾಗಿ ಮೇಯಿಸಿದರೆ ಹುಲ್ಲೂ ಸಾಯುತ್ತೆ, ಮೊದಲ ಮಳೆಗೆ ಚಿಗುರು ಬಲಿಯುವ ತನಕ ದನ ಬಿಡಬೇಡಿ. ಎರಡಡಿ ಮೀರಿದ ಕಡೆ ಉಳಿ, ಇಳಿಜಾರಿಗೆ ಅಡ್ಡಲಾಗಿ ಉಳಿ. ಬ್ಯಾಂಕು ಮನ್ನಾ ಮಾಡಬಹುದು, ಸರ್ಕಾರ ಮನ್ನಾ ಮಾಡಬಹುದು. ಮಣ್ಣು ಯಾವತ್ತೂ ಮನ್ನಾ ಮಾಡೋದಿಲ್ಲ.