ಬುಷ್ಷಿನ ಬೋಲ್ಟನ್ನು ಬಿಗಿಯುವ ಮುನ್ನ

ಕಾರಿನ ಎಂಜಿನ್ನಿನ ಸದ್ದಿಗೆ ಕಿವಿಗೊಡುವವರು ಹಲವರು. ಚಕ್ರದ ಬಳಿ ಅಡಗಿರುವ ರಬ್ಬರಿನ ಬುಷ್ಷನ್ನು ನೆನೆಯುವವರು ವಿರಳ. ಹಳ್ಳದಿಣ್ಣೆಗಳ ಹಾದಿಯಲ್ಲಿ ಅಡಿಯಿಂದ ‘ಟಕ್ ಟಕ್’ ಎಂಬ ಸದ್ದು ಬಂದರೆ, ಬ್ರೇಕು ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆದರೆ, ಟಯರು ಒಂದೇ ಅಂಚಿನಲ್ಲಿ ಸವೆದರೆ, ಮೊದಲು ಪರೀಕ್ಷಿಸತಕ್ಕವುಗಳಲ್ಲಿ ಈ ಬುಷ್ಷೂ ಒಂದು.

ಇದನ್ನು ಮನೆಯಲ್ಲಿ ಬದಲಾಯಿಸುವುದು ಅವಿವೇಕವೆಂದು ಕೆಲವರ ಮತ. ನಾನು ಅದನ್ನು ಪೂರ್ಣವಾಗಿ ಒಪ್ಪಲಾರೆ. 1983ರಿಂದ 2014ರವರೆಗೆ ತಯಾರಾದ ಮಾರುತಿ 800 ಕಾರನ್ನೇ ತೆಗೆದುಕೊಳ್ಳಿ. ಅದರ ಮುಂಚಕ್ರಗಳದು ಮ್ಯಾಕ್‌ಫರ್ಸನ್ ಮಾದರಿ. ಸುರುಳಿ ಸ್ಪ್ರಿಂಗು ಸ್ಟ್ರಟ್ಟಿನಲ್ಲಿಯೇ ಬಂಧಿತವಾಗಿರುವುದರಿಂದ, ಲೋವರ್ ಆರ್ಮನ್ನು ಕಳಚಿದಾಗ ಅದು ಸಿಡಿಯುವ ಭಯವಿಲ್ಲ. ಸ್ಪ್ರಿಂಗು ನೇರವಾಗಿ ಆರ್ಮಿನ ಮೇಲೆ ಕುಳಿತಿರುವ ಕಾರುಗಳ ಮಾತು ಬೇರೆ. ಅದರಲ್ಲಿ ಅಡಗಿರುವ ಶಕ್ತಿ ಪ್ರಾಣಾಂತಕವಾದುದು; ಆ ಕೆಲಸವನ್ನು ಗ್ಯಾರೇಜಿಗೇ ಬಿಡತಕ್ಕದ್ದು. ಕಾರು ಯಾವುದೇ ಆಗಲಿ, ಜಾಕೊಂದನ್ನೇ ನಂಬಿ ಅದರ ಅಡಿಗೆ ಹೋಗಕೂಡದು. ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿಕೊಳ್ಳಬೇಕು.

ಇಷ್ಟೆಲ್ಲ ಎಚ್ಚರವಹಿಸಿಯೂ ನಾನೊಮ್ಮೆ ಎಡವಿದೆ. ಹಳೆಯ ಬುಷ್ಷನ್ನು ವೈಸಿನಲ್ಲಿ ಒತ್ತಿ ಹೊರದೂಡಿ, ಹೊಸದನ್ನು ಕೂರಿಸಿ, ಚಕ್ರವಿನ್ನೂ ತೂಗುತ್ತಿರುವಾಗಲೇ ಬೋಲ್ಟನ್ನು ಬಲವಾಗಿ ಬಿಗಿದೆ. ಕೆಲವೇ ತಿಂಗಳಲ್ಲಿ ರಬ್ಬರು ಹರಿಯಿತು. ಮಾಲು ಕಳಪೆಯೆಂದು ಅಂಗಡಿಯವರನ್ನು ದೂರಿದೆ. ತಪ್ಪು ನನ್ನದೇ ಎಂದು ತಿಳಿದುದು ಆಮೇಲೆ.

ಕಾರಣ ಸರಳವಾಗಿದೆ. ಬುಷ್ಷಿನಲ್ಲಿ ಒಳಗೊಂದು, ಹೊರಗೊಂದು ಉಕ್ಕಿನ ಕೊಳವೆ. ನಡುವಿನ ರಬ್ಬರು ಎರಡಕ್ಕೂ ಅಂಟಿಕೊಂಡಿರುತ್ತದೆ. ಬಾಗಿಲಿನ ತಿರುಗಣಿಯಂತೆ ಇದು ಜಾರುವುದಿಲ್ಲ, ತಿರುಚಿಕೊಂಡು ಮರಳುತ್ತದೆ. ಬೋಲ್ಟನ್ನು ಬಿಗಿದಾಗ ಆರ್ಮು ಯಾವ ಕೋನದಲ್ಲಿತ್ತೋ ಅದೇ ರಬ್ಬರಿಗೆ ವಿಶ್ರಾಂತಿಯ ಸ್ಥಾನ. ಚಕ್ರ ತೂಗುತ್ತಿರುವಾಗ ಬಿಗಿದರೆ, ಕಾರು ನೆಲಕ್ಕಿಳಿದೊಡನೆ ಅದು ತಿರುಚಿಕೊಳ್ಳುತ್ತದೆ. ನಿಂತಲ್ಲಿಯೂ ಅದಕ್ಕೆ ವಿರಾಮವಿಲ್ಲ. ಗುಂಡಿಗೆ ಬಿದ್ದಾಗಲೆಲ್ಲ ಆ ತಿರುಚು ಮತ್ತಷ್ಟು ಹೆಚ್ಚುತ್ತದೆ. ಆದುದರಿಂದ ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ಬಳಿಕವೇ, ತಯಾರಕರು ವಿಧಿಸಿದ ಪ್ರಮಾಣದಲ್ಲಿ, ಟಾರ್ಕ್ ರೆಂಚಿನಿಂದ ಕೊನೆಯ ಬಿಗಿತ ಕೊಡಬೇಕು. ಕೂರಿಸುವಾಗ ಸುಲಭವಾಗಲೆಂದು ಎಂಜಿನ್ ಎಣ್ಣೆಯನ್ನಾಗಲಿ ಗ್ರೀಸನ್ನಾಗಲಿ ಸವರಬಾರದು. ಖನಿಜ ತೈಲವು ಸ್ವಾಭಾವಿಕ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಸಾಬೂನಿನ ನೀರು ಸಾಕು.

ನಾನು ಕೊಂಡ ಪೊಟ್ಟಣದಲ್ಲಿ ಇದಾವುದೂ ಬರೆದಿರಲಿಲ್ಲ. ಬಿಡಿಭಾಗಗಳನ್ನು ತಯಾರಿಸುವವರು ಎರಡು ಸಾಲಿನ ಸೂಚನೆಯನ್ನು, ಅದೂ ಕೊಳ್ಳುವವರ ಭಾಷೆಯಲ್ಲಿ, ಒಳಗಿರಿಸಿದರೆ ಅವರಿಗೇನು ನಷ್ಟ? ಅದನ್ನು ಕೇಳಿ ಪಡೆಯುವುದು ನಮ್ಮ ಹಕ್ಕು. ಅದು ದೊರೆಯುವವರೆಗೆ, ಕಾರಣವನ್ನರಿಯದೆ ಸ್ಪಾನರು ಹಿಡಿಯದಿರುವುದು ನಮ್ಮ ಹೊಣೆ. ಕೆಲಸ ಮುಗಿದ ಮೇಲೆ ಗ್ಯಾರೇಜಿಗೆ ಹೋಗಿ ಚಕ್ರಗಳ ಅಲೈನ್‌ಮೆಂಟನ್ನು ಪರೀಕ್ಷಿಸಿಕೊಳ್ಳಲು ನಾಚಬೇಕಾಗಿಲ್ಲ. ಆ ಕಾರಿನಲ್ಲಿ ಕೂರುವವರು ನಮ್ಮ ಮನೆಯವರೇ ಅಲ್ಲವೆ?